ಗ್ರೀಸ್ ಸುಟ್ಟ ಇಳಿಜಾರು

ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಮರಿನ್ ಕೌಂಟಿ. ಅಲ್ಲಿನ ಫೇರ್‌ಫ್ಯಾಕ್ಸ್ ಎಂಬ ಸಣ್ಣ ಊರಿನ ಹಿಂದಿನ ಗುಡ್ಡಗಳಲ್ಲಿ, ಕಾಡಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ಲಾರಿಗಳು ಹತ್ತಲೆಂದು ಕಡಿದ ಮಣ್ಣಿನ ದಾರಿಗಳಿವೆ. ಅವುಗಳಲ್ಲೊಂದು ಸುಮಾರು ಎರಡು ಮೈಲಿಯಲ್ಲಿ 1300 ಅಡಿ ಇಳಿಯುತ್ತದೆ. 1976ರ ಅಕ್ಟೋಬರ್ 21ರಂದು ಈ ದಾರಿಯಲ್ಲಿ ಊರಿನ ಕೆಲವು ಯುವಕರು ಸೈಕಲ್ ರೇಸ್ ಇಟ್ಟುಕೊಂಡರು. ಏರ್ಪಾಡು ಚಾರ್ಲಿ ಕೆಲ್ಲಿ ಅವರದು. ಒಬ್ಬೊಬ್ಬರನ್ನೇ ಮೇಲಿಂದ ಬಿಡುವುದು, ಕೆಳಗೆ ತಲುಪಿದ ಹೊತ್ತನ್ನು ಬರೆದುಕೊಳ್ಳುವುದು, ಇಷ್ಟೇ ನಿಯಮ. ಮೊದಲ ದಿನ ಗೆದ್ದವರು ಅಲನ್ ಬಾಂಡ್ಸ್. ಮುಂದೆ ಗ್ಯಾರಿ ಫಿಷರ್ ಇದೇ ದಾರಿಯನ್ನು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದರು. ಜೋ ಬ್ರೀಜ್ ಅವರ ಅತಿ ವೇಗದ ಇಳಿತ ಅದಕ್ಕಿಂತ ಎರಡೇ ಸೆಕೆಂಡ್ ಹೆಚ್ಚಿನದು.

ಅವರ ಕೈಯಲ್ಲಿದ್ದದ್ದು 1930–40ರ ದಶಕಗಳ ಹಳೆ ಶ್ವಿನ್ ಸೈಕಲ್‌ಗಳು. ಹಿಂದಿನ ಚಕ್ರಕ್ಕೆ ಕೋಸ್ಟರ್ ಬ್ರೇಕ್. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಬ್‌ನ ಒಳಗಿರುವ ಲೋಹದ ಭಾಗ ಕವಚದ ಒಳಮೈಗೆ ಉಜ್ಜಿಕೊಂಡು ಚಕ್ರ ನಿಲ್ಲುತ್ತದೆ. ಪೇಪರ್ ಹಾಕುವ ಹುಡುಗ ಮನೆಮನೆಯ ಮುಂದೆ ನಿಲ್ಲಿಸಿಕೊಳ್ಳಲು ಅದು ಸಾಕು. ಆದರೆ 1300 ಅಡಿ ಇಳಿಯುವವರೆಗೂ ಒತ್ತಿ ಹಿಡಿದರೆ ಹಬ್ ಕೈ ಇಡಲಾಗದಷ್ಟು ಕಾದು, ಒಳಗಿನ ಗ್ರೀಸ್ ಕುದಿದು, ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ತಲುಪುವ ಹೊತ್ತಿಗೆ ಹಬ್ ಒಣಗಿರುತ್ತಿತ್ತು. ಮತ್ತೆ ಇಳಿಯಬೇಕೆಂದರೆ ಅದನ್ನು ಪೂರ್ತಿ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ರೇಸಿಗೂ ದಾರಿಗೂ 'ರೀಪ್ಯಾಕ್' ಎಂಬ ಹೆಸರು ನಿಂತದ್ದು ಈ ಕೆಲಸದಿಂದಲೇ.

ಈ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲು ಬ್ರೇಕಿನ ಕೈಯನ್ನು ಫ್ರೇಮಿಗೆ ಹಿಡಿದ ಬೋಲ್ಟ್ ಬಿಚ್ಚಿ ಚಕ್ರ ಇಳಿಸುವುದು. ಆಮೇಲೆ ಆಕ್ಸಲಿನ ಲಾಕ್‌ನಟ್ ಸಡಿಲಿಸಿ, ಕೋನ್ ತಿರುಗಿಸಿ ತೆಗೆದು, ಒಳಗಿನ ಭಾಗಗಳನ್ನು ಬಂದ ಸಾಲಿನಲ್ಲೇ ಬಟ್ಟೆಯ ಮೇಲೆ ಜೋಡಿಸಿಡುವುದು. ಕಪ್ಪಗೆ ಗಟ್ಟಿಯಾದ ಹಳೆ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು. ಬೇರಿಂಗಿನ ಗುಂಡುಗಳನ್ನು ಬೆಳಕಿಗೆ ಹಿಡಿದು ಸವೆದವನ್ನು ಬೇರೆ ಮಾಡುವುದು. ಬೇರಿಂಗ್ ಕಪ್ಪಿನ ತುಂಬ ಹೊಸ ಗ್ರೀಸ್ ಒತ್ತಿ, ಗುಂಡು ಕೂರಿಸಿ, ಕೋನ್ ಬಿಗಿ ಮಾಡುವಾಗಲೇ ನಿಜವಾದ ಪರೀಕ್ಷೆ. ಸಡಿಲವಾದರೆ ಚಕ್ರ ಅಲುಗಾಡುತ್ತದೆ, ಬಿಗಿಯಾದರೆ ಗುಂಡು ಕಪ್ಪನ್ನು ತಿನ್ನುತ್ತದೆ. ಬಿಗಿ ಮಾಡಿ, ಒಂದಿಷ್ಟೇ ಹಿಂದಕ್ಕೆ ತಿರುಗಿಸಿ, ಆಟ ಹೋಗಿದೆ ಆದರೆ ಚಕ್ರ ಸಲೀಸಾಗಿ ತಿರುಗುತ್ತದೆ ಎನ್ನುವ ಜಾಗವನ್ನು ಬೆರಳಿನಿಂದಲೇ ಕಂಡುಕೊಳ್ಳಬೇಕು. ನಮ್ಮ ಊರುಗಳ ಸೈಕಲ್ ಶಾಪ್‌ಗಳಲ್ಲಿ ಓವರಾಯಿಲಿಂಗಿಗೆ ಕೂತವರೂ ದಶಕಗಳಿಂದ ಮಾಡಿಕೊಂಡು ಬಂದದ್ದು ಇದನ್ನೇ.

ಬೆಟ್ಟದ ಸೈಕಲ್, ಅಂದರೆ ಮೌಂಟನ್ ಬೈಕ್, ಯಾವುದೋ ಕಾರ್ಖಾನೆಯ ನಕ್ಷೆಯಿಂದ ಹುಟ್ಟಿದ್ದಲ್ಲ. ಅದು ಹುಟ್ಟಿದ್ದು ರಿಪೇರಿಯಿಂದ, ಅದೂ ಮನೆಯ ಶೆಡ್ಡಿನ ರಿಪೇರಿಯಿಂದ. ಇಂದು ಲಕ್ಷಗಟ್ಟಲೆ ರೂಪಾಯಿ ಬೆಲೆಯ ವಿದ್ಯುತ್ ಮೌಂಟನ್ ಬೈಕ್ ಕೊಂಡವರು ಅದನ್ನು ಮನೆಯಲ್ಲೇ ಎಷ್ಟು ಬಿಚ್ಚಬಹುದು, ಎಲ್ಲಿ ಕೈ ನಿಲ್ಲಿಸಬೇಕು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಐವತ್ತು ವರ್ಷಗಳ ಹಿನ್ನೆಲೆ ಇದೆ.

ಹಳೆ ಶ್ವಿನ್ ಸೈಕಲ್‌ಗಳೇ ಯಾಕೆ ಬೇಕಾಗಿದ್ದವು? 1933ರಲ್ಲಿ ಶ್ವಿನ್ ಕಂಪನಿ ಅಮೆರಿಕದ ಸೈಕಲ್‌ಗಳಿಗೆ 26 ಅಂಗುಲದ, ಎರಡು ಅಂಗುಲಕ್ಕೂ ಮೀರಿ ದಪ್ಪವಿದ್ದ ಬಲೂನ್ ಟೈರ್ ತಂದಿತು. ಮಹಾ ಆರ್ಥಿಕ ಕುಸಿತದ ಕಾಲ. ಮಕ್ಕಳ ಒರಟು ಬಳಕೆಗೆ ತಡೆಯುವ ಸೈಕಲ್ ಬೇಕಿತ್ತು. ನಲವತ್ತು ವರ್ಷಗಳ ಮೇಲೆ ಅವು ಗುಜರಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತಿದ್ದವು. ಎಕ್ಸೆಲ್ಸಿಯರ್ ಎಂಬ ಮಾದರಿಯ ಫ್ರೇಮಿಗೆ ಮರಿನ್ ಹುಡುಗರಲ್ಲಿ ವಿಶೇಷ ಬೇಡಿಕೆ. ಮಡ್‌ಗಾರ್ಡ್, ಕ್ಯಾರಿಯರ್, ಅಲಂಕಾರದ ತಗಡು ಎಲ್ಲ ಕಿತ್ತು ಹಾಕಿದರೂ ತೂಕ 20 ಕಿಲೊ ದಾಟುತ್ತಿತ್ತು. ಗುಡ್ಡ ಹತ್ತುವಾಗ ತಳ್ಳಿಕೊಂಡು ಹೋಗಬೇಕು, ಇಲ್ಲವೇ ಯಾರದಾದರೂ ಪಿಕಪ್ ಲಾರಿಗೆ ಹಾಕಬೇಕು.

ಹತ್ತಲು ಗೇರ್ ಬೇಕು ಎಂಬ ಯೋಚನೆ ದಕ್ಷಿಣದ ಕುಪರ್ಟಿನೊ ಊರಿನವರಿಗೆ ಮೊದಲೇ ಹೊಳೆದಿತ್ತು. ಮಾರೋ ಡರ್ಟ್ ಕ್ಲಬ್ ಎಂದು ಕರೆದುಕೊಂಡಿದ್ದ ಆ ಗುಂಪಿನ ಕೆಲವರು 1974ರ ಡಿಸೆಂಬರ್ 1ರಂದು ಮರಿನ್‌ನ ಮಿಲ್ ವ್ಯಾಲಿಯಲ್ಲಿ ನಡೆದ ಸೈಕ್ಲೋಕ್ರಾಸ್ ರೇಸಿಗೆ ಬಂದರು. ಅವರ ಬಲೂನ್ ಟೈರ್ ಸೈಕಲ್‌ಗಳಿಗೆ ಡಿರೇಲರ್ ಗೇರ್ ಇತ್ತು, ಡ್ರಮ್ ಬ್ರೇಕ್ ಇತ್ತು. ಅಲ್ಲಿದ್ದ ಮರಿನ್‌ನವರು ಕಣ್ಣು ತುಂಬ ನೋಡಿದರು. ಕೆಲವೇ ತಿಂಗಳಲ್ಲಿ ಗ್ಯಾರಿ ಫಿಷರ್ ತಮ್ಮ ಶ್ವಿನ್‌ಗೂ ಗೇರ್ ಕೂರಿಸಿದರು. ಟ್ಯಾಂಡೆಮ್ ಸೈಕಲಿನ ಡ್ರಮ್ ಬ್ರೇಕ್, ಮೋಟರ್ ಸೈಕಲಿನ ಬ್ರೇಕ್ ಹಿಡಿ, ಹೀಗೆ ಒಂದೊಂದು ಭಾಗವೂ ಒಂದೊಂದು ಬೇರೆ ಗಾಡಿಯಿಂದ ಬಂತು. ಯಾವ ಅಂಗಡಿಯಲ್ಲೂ ಇದರ ಕಿಟ್ ಸಿಗುತ್ತಿರಲಿಲ್ಲ.

ಅದೇ ಕಾಲದಲ್ಲಿ ಅಮೆರಿಕದಲ್ಲಿ ದೊಡ್ಡವರ ಸೈಕಲ್ ಹುಚ್ಚು ಏರಿತ್ತು. 1973ರ ಒಂದೇ ವರ್ಷದಲ್ಲಿ ಒಂದೂವರೆ ಕೋಟಿಯಷ್ಟು ಸೈಕಲ್ ಮಾರಾಟವಾದವು. ಕೊಂಡವರಿಗೆ ಹತ್ತು ಗೇರಿನ ಸೈಕಲ್ ಸರಿಪಡಿಸಲು ಬರುತ್ತಿರಲಿಲ್ಲ. 1971ರಲ್ಲಿ ಟಾಮ್ ಕತ್‌ಬರ್ಟ್‌ಸನ್ ಬರೆದ 'ಎನಿಬಡೀಸ್ ಬೈಕ್ ಬುಕ್' ಈ ಕೊರತೆಯನ್ನು ತುಂಬಿತು. ಅದನ್ನು ಮೊದಲ ಪುಸ್ತಕವಾಗಿ ತಂದ ಪ್ರಕಾಶನ ಸಂಸ್ಥೆಯ ಹೆಸರೂ 'ಟೆನ್ ಸ್ಪೀಡ್ ಪ್ರೆಸ್'. ತಂತ್ರಜ್ಞರ ಭಾಷೆ ಬಿಟ್ಟು ಪಕ್ಕದ ಮನೆಯವರು ಹೇಳಿಕೊಟ್ಟ ಹಾಗೆ ಬರೆದ ಆ ಪುಸ್ತಕ ಅಡುಗೆಮನೆಯ ಮೇಜನ್ನು ಸೈಕಲ್ ಶಾಪ್ ಮಾಡಿತು. ಮರಿನ್ ಹುಡುಗರ ಸಾಹಸದ ಹಿಂದೆ ಈ ವಾತಾವರಣವೂ ಇತ್ತು.

1977ರಲ್ಲಿ ಜೋ ಬ್ರೀಜ್ ಒಂದು ಹೆಜ್ಜೆ ಮುಂದೆ ಹೋದರು. ಹಳೆ ಫ್ರೇಮ್ ಹುಡುಕುವ ಬದಲು ಕ್ರೋಮ್-ಮಾಲಿಬ್ಡಿನಮ್ ಉಕ್ಕಿನ ಕೊಳವೆಗಳನ್ನು ಬೆಸೆದು ಹೊಸ ಫ್ರೇಮ್ ಕಟ್ಟಿ, ಎಲ್ಲ ಹೊಸ ಭಾಗಗಳನ್ನೇ ಹಾಕಿದರು. 'ಬ್ರೀಜರ್' ಎಂಬ ಈ ಸೈಕಲ್ ಸುಮಾರು 17 ಕಿಲೊ ತೂಗುತ್ತಿತ್ತು. ಮೊದಲ ಸರಣಿಯಲ್ಲಿ ತಯಾರಾದದ್ದು ಹತ್ತು. ಅವುಗಳಲ್ಲಿ ಮೊದಲನೆಯದು ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. 1979ರಲ್ಲಿ ಟಾಮ್ ರಿಚಿ ಕಟ್ಟಿದ ಫ್ರೇಮುಗಳಿಗೆ ಬಿಡಿಭಾಗ ಜೋಡಿಸಿ ಮಾರಲು ಫಿಷರ್ ಮತ್ತು ಕೆಲ್ಲಿ 'ಮೌಂಟನ್‌ಬೈಕ್ಸ್' ಹೆಸರಿನ ಸಣ್ಣ ವ್ಯಾಪಾರ ಶುರು ಮಾಡಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ಜಪಾನಿನಲ್ಲಿ ತಯಾರಾಗಿ ಬಂತು. ಮಾರನೆಯ ವರ್ಷ ಶಿಮಾನೊ ಬೆಟ್ಟದ ಸೈಕಲ್‌ಗೆಂದೇ ಡಿಯೋರ್ ಎಕ್ಸ್‌ಟಿ ಬಿಡಿಭಾಗಗಳ ಸರಣಿ ತಂದಿತು. ಇಲ್ಲಿಂದ ಮುಂದೆ ಬೆಟ್ಟದ ಸೈಕಲ್ ಉದ್ಯಮವಾಯಿತು.

ಉದ್ಯಮ ಬೆಳೆದಂತೆ ಮನೆಯ ಉಪಕರಣಗಳ ಪೆಟ್ಟಿಗೆ ಬದಲಾಯಿತು. ಮೊದಲಿನ ಗೇರಿನಲ್ಲಿ ಹಿಡಿಯನ್ನು ಅಂದಾಜಿನ ಮೇಲೆ ಸರಿಸಿ, ಚೈನ್ ಸದ್ದು ನಿಂತ ಜಾಗದಲ್ಲಿ ಬಿಡಬೇಕಿತ್ತು. 1984ರಲ್ಲಿ ಶಿಮಾನೊ ರಸ್ತೆ ಸೈಕಲ್‌ಗೆ ತಂದ ಇಂಡೆಕ್ಸ್ ಪದ್ಧತಿಯಲ್ಲಿ ಒಂದು ಕ್ಲಿಕ್‌ಗೆ ಒಂದು ಗೇರ್; ಕೆಲವೇ ವರ್ಷಗಳಲ್ಲಿ ಅದು ಬೆಟ್ಟಕ್ಕೂ ಬಂತು. ಸವಾರರಿಗೆ ಸುಲಭವಾಯಿತು, ಸರಿಪಡಿಸುವವರಿಗೆ ಸೂಕ್ಷ್ಮವಾಯಿತು. ಕೇಬಲ್ ಸ್ವಲ್ಪ ಹಿಗ್ಗಿದರೂ ಕ್ಲಿಕ್ ತಪ್ಪುತ್ತದೆ. ಅದಕ್ಕೆ ಕೇಬಲಿನ ತುದಿಯ ತಿರುಪನ್ನು ಕಾಲು ಸುತ್ತು ತಿರುಗಿಸಿ ನೋಡುವ ತಾಳ್ಮೆ ಬೇಕು. 1990ರಲ್ಲಿ ಕೊಲರಾಡೊದ ಡ್ಯುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದ ಹೊತ್ತಿಗೆ ಮುಂದಿನ ಫೋರ್ಕಿಗೆ ಸಸ್ಪೆನ್ಷನ್ ಬಂದಿತ್ತು. ಆಮೇಲೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್. 1996ರಲ್ಲಿ ಬೆಟ್ಟದ ಸೈಕಲ್ ಅಟ್ಲಾಂಟಾ ಒಲಿಂಪಿಕ್ಸ್ ಸೇರಿತು. ಅದೇ ವರ್ಷ ಲೆನಾರ್ಡ್ ಜಿನ್ ಅವರ ಮೌಂಟನ್ ಬೈಕ್ ರಿಪೇರಿ ಕೈಪಿಡಿ ಹೊರಬಂತು. ಬಿಡಿಭಾಗಗಳು ಎಷ್ಟೇ ಸೂಕ್ಷ್ಮವಾದರೂ ಎಲ್ಲವನ್ನೂ ಮನೆಯಲ್ಲಿ ಬಿಚ್ಚಿ ಕೂಡಿಸಬಹುದು ಎಂಬ ನಂಬಿಕೆ ಅಲ್ಲಿಯವರೆಗೂ ಅಳಿದಿರಲಿಲ್ಲ.

ವಿದ್ಯುತ್ತಿನ ಕಥೆ ಇದಕ್ಕಿಂತ ಹಳೆಯದು. 1895ರ ಡಿಸೆಂಬರ್ 31ರಂದು ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಆಗ್ಡನ್ ಬೋಲ್ಟನ್ ಅವರಿಗೆ ಹಿಂದಿನ ಚಕ್ರದ ನಡುವೆ ಮೋಟರ್ ಕೂರಿಸಿದ ಸೈಕಲ್ಲಿಗೆ ಪೇಟೆಂಟ್ ಸಿಕ್ಕಿತು. ಆದರೆ ಅಂದಿನ ಬ್ಯಾಟರಿಗೆ ಅದನ್ನು ದೂರ ಒಯ್ಯುವ ಶಕ್ತಿ ಇರಲಿಲ್ಲ. ನೂರು ವರ್ಷ ಕಳೆಯುವ ಹೊತ್ತಿಗೆ, 1993ರಲ್ಲಿ, ಜಪಾನಿನ ಯಮಹಾ ಕಂಪನಿ ತುಳಿತದ ಬಲವನ್ನು ಅಳೆದು ಅದಕ್ಕೆ ತಕ್ಕಷ್ಟೇ ನೆರವು ಕೊಡುವ 'ಪಾಸ್' ಸೈಕಲ್ ಮಾರುಕಟ್ಟೆಗೆ ಬಿಟ್ಟಿತು. ತುಳಿದರೆ ಮಾತ್ರ ಮೋಟರ್, ನಿಲ್ಲಿಸಿದರೆ ಇಲ್ಲ. ಇಂದಿನ ವಿದ್ಯುತ್ ಮೌಂಟನ್ ಬೈಕ್‌ಗಳ ಮೂಲ ತತ್ವ ಇದೇ. ಪೆಡಲಿನ ನಡುವೆ ಮೋಟರ್ ಕೂರುವ ಬಾಷ್ ಕಂಪನಿಯ ವ್ಯವಸ್ಥೆ 2010ರಲ್ಲಿ ಪ್ರದರ್ಶನಗೊಂಡ ಮೇಲೆ ಯುರೋಪಿನ ತಯಾರಕರು ಅದನ್ನು ಬೆಟ್ಟದ ಸೈಕಲ್ಲಿಗೆ ಹಾಕತೊಡಗಿದರು. 2019ರಲ್ಲಿ ಕೆನಡಾದ ಮಾಂಟ್-ಸೇಂಟ್-ಆನ್‌ನಲ್ಲಿ ಇವುಗಳದೇ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು.

ಇಲ್ಲಿ ಚರಿತ್ರೆ ಒಂದು ತಿರುವು ತೆಗೆದುಕೊಂಡಿತು. ನಲವತ್ತು ವರ್ಷ ಎಲ್ಲರೂ ಸೈಕಲಿನ ತೂಕ ಇಳಿಸಲು ದುಡಿದಿದ್ದರು. ಮೋಟರ್, ಬ್ಯಾಟರಿ ಸೇರಿದ ಮೇಲೆ ಪೂರ್ಣ ಸಸ್ಪೆನ್ಷನ್ನಿನ ವಿದ್ಯುತ್ ಬೈಕ್ ಮತ್ತೆ 22ರಿಂದ 25 ಕಿಲೊಗೆ ಬಂದು ನಿಂತಿತು. ಅಂದರೆ ರೀಪ್ಯಾಕ್ ದಾರಿಯಲ್ಲಿ ಗ್ರೀಸ್ ಸುಟ್ಟ ಶ್ವಿನ್‌ಗಳ ತೂಕವೇ. ಬೈಕ್ ಮತ್ತು ಸವಾರ ಸೇರಿ 100 ಕಿಲೊ ಎಂದುಕೊಳ್ಳಿ. 1300 ಅಡಿ, ಅಂದರೆ ಸುಮಾರು 400 ಮೀಟರ್, ಇಳಿಯುವಾಗ ಬ್ರೇಕು, ಗಾಳಿ ಮತ್ತು ಟೈರುಗಳು ನುಂಗಬೇಕಾದ ಶಕ್ತಿ ಸುಮಾರು 390 ಕಿಲೊಜೂಲ್. ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು. 1976ರಲ್ಲಿ ಅದರಲ್ಲಿ ಬ್ರೇಕಿನ ಪಾಲು ಒಂದೇ ಹಬ್‌ನೊಳಗೆ ಸಿಕ್ಕಿಕೊಳ್ಳುತ್ತಿತ್ತು. ಈಗ 200 ಮಿಲಿಮೀಟರ್ ಅಗಲದ ಎರಡು ಉಕ್ಕಿನ ಡಿಸ್ಕ್‌ಗಳು ಅದನ್ನು ಗಾಳಿಗೆ ಬಿಡುತ್ತವೆ.

ಬಿಟ್ಟರೂ ಸವೆತ ತಪ್ಪದು. ವಿದ್ಯುತ್ ಬೈಕ್ ಇಟ್ಟುಕೊಂಡವರು ಮನೆಯಲ್ಲಿ ಮೊದಲು ಕಲಿಯಬೇಕಾದದ್ದು ಬ್ರೇಕ್ ಪ್ಯಾಡ್ ನೋಡುವುದನ್ನು. ಚಕ್ರ ತೆಗೆದು, ಕ್ಯಾಲಿಪರಿನ ಪಿನ್ ಬಿಡಿಸಿ ಪ್ಯಾಡ್ ಹೊರಗೆಳೆದರೆ ಲೋಹದ ತಗಡಿನ ಮೇಲೆ ಉಳಿದ ಉಜ್ಜುಪದರ ಕಾಣುತ್ತದೆ. ಶಿಮಾನೊ ಹೇಳುವ ಮಿತಿ 0.5 ಮಿಲಿಮೀಟರ್, ಅದಕ್ಕಿಂತ ತೆಳುವಾದರೆ ಬದಲಾಯಿಸಬೇಕು. ಡಿಸ್ಕಿಗೂ ದಪ್ಪದ ಮಿತಿ ಇದೆ, ಸಾಮಾನ್ಯವಾಗಿ ಅದರ ಮೇಲೆಯೇ ಕೊರೆದಿರುತ್ತಾರೆ. ಹೊಸ ಪ್ಯಾಡ್ ಹಾಕಿದ ಮೇಲೆ ವೇಗ ಹಿಡಿದು ನಿಧಾನಕ್ಕೆ ಬ್ರೇಕ್ ಒತ್ತುವುದನ್ನು ಹತ್ತಾರು ಸಲ ಮಾಡಿ ಪದರವನ್ನು ಡಿಸ್ಕಿಗೆ ಹೊಂದಿಸಬೇಕು. ಚೈನಿಗೆ ಹಾಕುವ ಎಣ್ಣೆಯ ಒಂದು ಹನಿ ಡಿಸ್ಕಿಗೆ ಸಿಡಿದರೂ ಪ್ಯಾಡ್ ಕೆಡುತ್ತದೆ, ಕಿರುಚಲು ಶುರು ಮಾಡುತ್ತದೆ. ಬ್ರೇಕಿನೊಳಗಿನ ದ್ರವದ ವಿಷಯದಲ್ಲಂತೂ ಅಂದಾಜು ಸಲ್ಲದು: ಮಿನರಲ್ ಎಣ್ಣೆಗೆಂದು ಮಾಡಿದ ಬ್ರೇಕಿಗೆ ಡಾಟ್ ದ್ರವ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಬ್ರೇಕೇ ಹಾಳಾಗುತ್ತದೆ. ರೀಪ್ಯಾಕ್ ಹುಡುಗರಿಗೆ ಇಳಿಜಾರಿನ ಕೊನೆಗೆ ಹೊಗೆಯೇ ಎಚ್ಚರಿಕೆ ಕೊಡುತ್ತಿತ್ತು. ಹೈಡ್ರಾಲಿಕ್ ಬ್ರೇಕ್ ಹಾಗೆ ತೋರಿಸಿಕೊಳ್ಳುವುದು ಕಡಿಮೆ, ನಾವೇ ಬಿಚ್ಚಿ ನೋಡಬೇಕು.

ಇನ್ನು ಚೈನ್. 1880ರಲ್ಲಿ ಮ್ಯಾಂಚೆಸ್ಟರಿನ ಹ್ಯಾನ್ಸ್ ರೆನಾಲ್ಡ್ ರೂಪಿಸಿದ ಬುಷ್ ರೋಲರ್ ಚೈನಿನ ತತ್ವವೇ ಇಂದಿಗೂ ನಡೆದಿದೆ. ಪಿನ್ನಿನಿಂದ ಪಿನ್ನಿಗೆ ಅರ್ಧ ಅಂಗುಲ. ಮಾಮೂಲಿ ಸವಾರರ ಕಾಲಿನಿಂದ ಸತತವಾಗಿ ಬರುವುದು 100ರಿಂದ 150 ವ್ಯಾಟ್. ಯುರೋಪಿನ ನಿಯಮದಂತೆ ಮೋಟರಿನ ಸತತ ಶಕ್ತಿ 250 ವ್ಯಾಟ್, ಕ್ಷಣಿಕವಾಗಿ ಅದರ ಎರಡು ಪಟ್ಟು ಮೀರುವುದೂ ಉಂಟು. ಮೋಟರ್ ಪೆಡಲಿನ ನಡುವೆ ಇರುವುದರಿಂದ ಎರಡೂ ಬಲ ಒಂದೇ ಚೈನಿನ ಮೇಲೆ ಬೀಳುತ್ತವೆ. ಏರು ಹತ್ತುವಾಗ ಕಾಲಿನ ಒತ್ತಡ ತಗ್ಗಿಸದೆ ಗೇರ್ ಬದಲಾಯಿಸಿದರೆ ಚೈನ್ ತುಂಡಾಗುವುದು ಅಪರೂಪವೇನಲ್ಲ. ತಯಾರಕರಿಗೂ ಇದು ಗೊತ್ತಾಯಿತು. 2016ರಲ್ಲಿ ಸ್ರಾಮ್ ಕಂಪನಿ ವಿದ್ಯುತ್ ಬೈಕಿಗೆಂದೇ ಗೇರುಗಳ ಸಂಖ್ಯೆಯನ್ನು ಎಂಟಕ್ಕೆ ಇಳಿಸಿದ ಇಎಕ್ಸ್‌1 ಸರಣಿ ತಂದದ್ದು ಈ ಕಾರಣಕ್ಕೆ. ಮಾಮೂಲಿ ಬೈಕಿನಲ್ಲಿ ಹನ್ನೆರಡು ಗೇರಿನ ಕಡೆಗೆ ಓಡುತ್ತಿದ್ದ ಕಾಲದಲ್ಲಿ ಅದೊಂದು ಧೈರ್ಯದ ತೀರ್ಮಾನ.

ಚೈನಿನ ಸವೆತ ಅಳೆಯಲು ದುಬಾರಿ ಸಾಧನ ಬೇಕಿಲ್ಲ. ಶಾಲೆಯ ಸ್ಟೀಲ್ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದರೆ ಹೊಸ ಚೈನಿನಲ್ಲಿ 12 ಅಂಗುಲದ ಗೆರೆ ಇಪ್ಪತ್ನಾಲ್ಕನೆಯ ಪಿನ್ನಿನ ನಡುವಿಗೆ ಸರಿಯಾಗಿ ಕೂರುತ್ತದೆ. ಪಿನ್ ಒಂದು ಅಂಗುಲದ ಹದಿನಾರನೆಯ ಒಂದು ಭಾಗ ಮುಂದೆ ಸರಿದಿದ್ದರೆ ಚೈನ್ ಶೇ 0.5ರಷ್ಟು ಉದ್ದವಾಗಿದೆ, ಹನ್ನೊಂದು, ಹನ್ನೆರಡು ಗೇರಿನ ಬೈಕಿನಲ್ಲಿ ಆಗಲೇ ಬದಲಾಯಿಸುವುದು ಲೇಸು. ತಡ ಮಾಡಿದರೆ ಉದ್ದವಾದ ಚೈನ್ ಹಿಂದಿನ ಹಲ್ಲುಗಳನ್ನು ತನ್ನ ಅಳತೆಗೆ ಸವೆಸಿಕೊಳ್ಳುತ್ತದೆ. ಆಮೇಲೆ ಹೊಸ ಚೈನ್ ಹಾಕಿದರೂ ಜಾರುತ್ತದೆ, ಅದರ ಹಲವು ಪಟ್ಟು ಬೆಲೆಯ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಕೂಡ ಕೊಳ್ಳಬೇಕಾಗುತ್ತದೆ. ಮನೆಯ ಆರೈಕೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹಣ ಉಳಿಸುವ ಕೆಲಸ ಇನ್ನೊಂದಿಲ್ಲ.

ಹೊಂದಾಣಿಕೆಯ ಉಳಿದ ಕೆಲಸಗಳು ಬೇಗ ಕೈಗೆ ಹತ್ತುತ್ತವೆ. ಸವಾರರು ಪೂರ್ತಿ ಸಜ್ಜಾಗಿ ಕೂತಾಗ ಸಸ್ಪೆನ್ಷನ್ ತನ್ನ ಒಟ್ಟು ಚಲನೆಯ ಶೇ 25ರಿಂದ 30ರಷ್ಟು ಕುಸಿಯಬೇಕು. ಶಾಕಿನ ಮೇಲಿನ ರಬ್ಬರ್ ಉಂಗುರ ಎಲ್ಲಿಗೆ ಸರಿದಿದೆ ಎಂದು ನೋಡಿ ಕೈಪಂಪಿನಿಂದ ಗಾಳಿ ಹೆಚ್ಚುಕಡಿಮೆ ಮಾಡಿದರೆ ಆಯಿತು. ಹ್ಯಾಂಡಲಿನ ಸಣ್ಣ ಬೋಲ್ಟುಗಳಿಗೆ ಟಾರ್ಕ್ ವ್ರೆಂಚ್ ಬಳಸಬೇಕು, ಅವುಗಳ ಮಿತಿ ಹೆಚ್ಚಾಗಿ 5 ನ್ಯೂಟನ್-ಮೀಟರ್ ಆಸುಪಾಸು. ತೊಳೆಯುವಾಗ ಬಕೆಟ್, ಬ್ರಷ್ ಸಾಕು. ಜೋರು ನೀರಿನ ಪೈಪು ಬೇರಿಂಗುಗಳಿಗೂ ಮೋಟರಿಗೂ ಶತ್ರು.

ಕಡ್ಡಿ ಬಿಗಿ ಮಾಡಿ ಚಕ್ರದ ಬೆಂಡ್ ತೆಗೆಯುವ ಕೆಲಸಕ್ಕೆ ಕರ್ನಾಟಕದಲ್ಲಿ ಕೈ ಪಳಗಿದವರು ಊರೂರಿಗೂ ಇದ್ದಾರೆ. ಬೆಂಗಳೂರಿನ ಸುತ್ತ ಮೌಂಟನ್ ಬೈಕ್ ಓಡಿಸುವವರು ಈ ಕೆಲಸಕ್ಕೆ ಹತ್ತಿರದ ಸೈಕಲ್ ಶಾಪನ್ನೇ ನಂಬಬಹುದು. ಭಾರತದ ಮೋಟರು ವಾಹನ ನಿಯಮಗಳಲ್ಲೂ 250 ವ್ಯಾಟ್ ಮತ್ತು ಗಂಟೆಗೆ 25 ಕಿಲೊಮೀಟರಿನ ಮಿತಿಯೊಳಗಿನ ವಿದ್ಯುತ್ ಸೈಕಲ್‌ಗೆ ನೋಂದಣಿ ಬೇಕಿಲ್ಲ. ಹಾಗಾಗಿ ಕಾನೂನಿನ ಕಣ್ಣಿನಲ್ಲಿ ಅದು ಸೈಕಲ್ಲೇ. ಆದರೆ ಮೋಟರ್ ಕವಚ ಎದುರಿಗೆ ಬಂದಾಗ ಸೈಕಲ್ ಶಾಪಿನವರ ಸ್ಪ್ಯಾನರ್ ನಿಲ್ಲುತ್ತದೆ.

ನಿಲ್ಲುವುದಕ್ಕೆ ಒಂದು ಒಳ್ಳೆಯ ಕಾರಣವಿದೆ, ಒಂದು ಕೆಟ್ಟ ಕಾರಣವೂ ಇದೆ. ಒಳ್ಳೆಯದು ಬ್ಯಾಟರಿಗೆ ಸಂಬಂಧಿಸಿದ್ದು. 500ರಿಂದ 750 ವ್ಯಾಟ್-ಅವರ್ ಶಕ್ತಿ ತುಂಬಿದ ಲಿಥಿಯಂ ಪೊಟ್ಟಣವನ್ನು ಮನೆಯಲ್ಲಿ ಬಿಚ್ಚುವುದು ಬೆಂಕಿಯ ಜೊತೆ ಸರಸ. ನ್ಯೂಯಾರ್ಕ್ ನಗರದಲ್ಲಿ ವಿದ್ಯುತ್ ಸೈಕಲ್ ಬ್ಯಾಟರಿಗಳಿಂದ ಜೀವಹಾನಿಯಾದ ಬೆಂಕಿ ಅವಘಡಗಳು ನಡೆದ ಮೇಲೆ, ಪ್ರಮಾಣೀಕರಣವಿಲ್ಲದ ಬ್ಯಾಟರಿಗಳ ಮಾರಾಟವನ್ನು 2023ರಲ್ಲಿ ನಿಷೇಧಿಸಲಾಯಿತು. ಹಳೆ ಬ್ಯಾಟರಿಗಳಿಂದ ಸೆಲ್ ಬಿಡಿಸಿ ಹೊಸ ಪೊಟ್ಟಣ ಕಟ್ಟುವುದನ್ನೂ ತಡೆಯಲಾಯಿತು. ಮನೆಯಲ್ಲಿ ಮಾಡಬೇಕಾದದ್ದು ಆರೈಕೆ ಮಾತ್ರ: ತಿಂಗಳುಗಟ್ಟಲೆ ಬಳಸದಿದ್ದರೆ ಪೂರ್ತಿ ತುಂಬಿಯೂ ಇಡಬಾರದು, ಬರಿದು ಮಾಡಿಯೂ ಇಡಬಾರದು, ಶೇ 30ರಿಂದ 60ರಷ್ಟು ಚಾರ್ಜ್ ಉಳಿಸಿ ತಂಪಾದ, ಒಣಗಿದ ಜಾಗದಲ್ಲಿ ಇಡಬೇಕು.

ಕೆಟ್ಟ ಕಾರಣ ಮೋಟರಿನದು. ನೀರು ಇಳಿದು ಬೇರಿಂಗ್ ತುಕ್ಕು ಹಿಡಿದು ಮೋಟರ್ ಗುರುಗುಟ್ಟತೊಡಗಿದರೆ, ವಾರಂಟಿ ಮುಗಿದ ಮಾಲೀಕರಿಗೆ ಬಹಳ ವರ್ಷ ಇದ್ದ ದಾರಿ ಇಡೀ ಮೋಟರನ್ನೇ ಬದಲಾಯಿಸುವುದು. ಕೆಟ್ಟದ್ದು ಒಂದು ಬೇರಿಂಗ್, ಎಸೆಯುವುದು ಮೂರು ಕಿಲೊ ತಾಮ್ರ, ಅಯಸ್ಕಾಂತ, ಎಲೆಕ್ಟ್ರಾನಿಕ್ಸ್. ಇದನ್ನು ಒಪ್ಪಬೇಕಾಗಿಲ್ಲ. ಬ್ರಿಟನ್, ಜರ್ಮನಿಗಳ ಸಣ್ಣ ವರ್ಕ್‌ಶಾಪುಗಳು ಒಪ್ಪಲೂ ಇಲ್ಲ. ಅವು ಕವಚ ಬಿಚ್ಚಿ, ಬೇರಿಂಗ್ ಎಳೆದು, ಹೊಸದನ್ನು ಒತ್ತಿ ಕೂರಿಸಿ, ಸೀಲಿನ ಸುತ್ತ ಗ್ರೀಸ್ ತುಂಬಿ ಕೊಡತೊಡಗಿದವು. ಕೆಲವು ಮಾದರಿಗಳಿಗೆ ಮನೆಯಲ್ಲೇ ಮಾಡಿಕೊಳ್ಳುವ ಕಿಟ್ ಕೂಡ ಬಂದಿದೆ.

ಐರೋಪ್ಯ ಒಕ್ಕೂಟ 2023ರಲ್ಲಿ ಹೊರಡಿಸಿದ ಬ್ಯಾಟರಿ ನಿಯಮ ಈ ದಿಕ್ಕಿನಲ್ಲಿ ಒಂದು ಗೆಲುವು. ವಿದ್ಯುತ್ ಸೈಕಲ್‌ಗಳಂಥ ಹಗುರ ವಾಹನಗಳ ಬ್ಯಾಟರಿಯನ್ನೂ ಅದರೊಳಗಿನ ಬಿಡಿ ಸೆಲ್‌ಗಳನ್ನೂ ಕಂಪನಿಗೆ ಸೇರದ ಸ್ವತಂತ್ರ ತಂತ್ರಜ್ಞರು ತೆಗೆದು ಬದಲಾಯಿಸುವಂತಿರಬೇಕು ಎಂದು ಅದು ಕಡ್ಡಾಯ ಮಾಡುತ್ತದೆ. ಅನ್ವಯಕ್ಕೆ ಗೊತ್ತುಮಾಡಿದ ದಿನ 2027ರ ಫೆಬ್ರವರಿ 18. ಮೋಟರಿನ ಬೇರಿಂಗು, ಸೀಲು, ಹಲ್ಲುಚಕ್ರಗಳು ಆ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಅವನ್ನೂ ಸೇರಿಸಿಕೊಂಡು ಬಿಡಿಭಾಗ, ಅಳತೆ, ನಕ್ಷೆಗಳನ್ನು ಮಾಲೀಕರಿಗೂ ಸೈಕಲ್ ಶಾಪಿನವರಿಗೂ ಸಿಗುವಂತೆ ಮಾಡುವುದು ಮುಂದಿನ ನಿಯಮದ ಕೆಲಸವಾಗಬೇಕು.